ನಾನೂರ ಮೂವತ್ತೊಂದು ತಿದ್ದುಪಡಿಗಳು

ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಡಾಕ್ಟರ ಮುಂದೆ ಕೂತು ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ಯಾರದೋ ಮನೆಗೆ ಹೋದರೆ ಗೋಡೆಯ ಮೇಲಿನ ಓರೆ ಪಟವನ್ನು ನೆಟ್ಟಗೆ ಮಾಡಿಯೇ ಕೂರುತ್ತೇನೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಮಡಚಿಕೊಂಡ ಕಾಲರನ್ನು ಬಿಡಿಸಿ ಬೈಸಿಕೊಂಡಿದ್ದೇನೆ. ಆಫೀಸಿನಲ್ಲಿ ನನಗೆ ಕೆಂಪು ಪೆನ್ನು ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆ, ಅದೂ ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ಇಂಥ ನನ್ನನ್ನು ಹದಿನೈದು ವರ್ಷದಿಂದ ಸೋಲಿಸುತ್ತಾ ಬಂದದ್ದು ನಮ್ಮ ಮನೆಯ ಹಜಾರದ ಗಡಿಯಾರ. ಅದು ಇಪ್ಪತ್ತು ನಿಮಿಷ ಮುಂದಿದೆ. ಮಾವ ರೈಲ್ವೆಯಲ್ಲಿ ಕೆಲಸಕ್ಕಿದ್ದಾಗ ದಿನಾ ತಡವಾಗಿ ಹೊರಡುತ್ತಿದ್ದರಂತೆ. ಹೇಳಿ ಹೇಳಿ ಸಾಕಾಗಿ ಅತ್ತೆ ಒಂದು ದಿನ ಸ್ಟೂಲು ಹತ್ತಿ ಮುಳ್ಳನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಳ್ಳಿದರು. ಒಂದು ವಾರ ಮಾವ ಮೋಸಹೋದರು. ಎಂಟನೆಯ ದಿನ ಇಪ್ಪತ್ತು ಕಳೆದು ನೋಡುವುದನ್ನು ಕಲಿತು, ಎಂದಿನಂತೆ ತಡವಾಗಿ ಹೊರಟರು. ಗಡಿಯಾರ ಮಾತ್ರ ಹಾಗೇ ಉಳಿಯಿತು.

ಮದುವೆಯಾಗಿ ಬಂದ ಮೂರನೆಯ ದಿನವೇ ನಾನು ಸ್ಟೂಲು ಎಳೆದುಕೊಂಡಿದ್ದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಅದನ್ನ ಮುಟ್ಟಬೇಡಮ್ಮ. ಈ ಮನೇಲಿ ಎಲ್ಲರಿಗೂ ಅದನ್ನ ಓದೋಕೆ ಬರುತ್ತೆ."

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಮಾತು ಮೀರುವ ಧೈರ್ಯ ನನಗೆ ಈಗಲೂ ಇಲ್ಲ. ಮಾವ, ಗಂಡ, ಮಗಳು, ನಾನು, ನಾಲ್ವರೂ ಯೋಚಿಸದೆ ಇಪ್ಪತ್ತು ಕಳೆಯುತ್ತೇವೆ. ಮಗಳಂತೂ ಶಾಲೆಗೆ ಸೇರುವ ಮೊದಲೇ ಕಳೆಯುವ ಲೆಕ್ಕ ಕಲಿತದ್ದು ಆ ಗೋಡೆಯ ಮುಂದೆ.

ಇನ್ನು ಆಫೀಸಿನ ಕತೆ. ನಾನು ಜೀವವಿಜ್ಞಾನದ ಒಂದು ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಗುತ್ತಿಗೆಯ ಮೇಲೆ. ಪ್ರತಿ ಮಾರ್ಚ್ ಕೊನೆಗೆ ನನ್ನ ಕೆಲಸ ಹೋಗುತ್ತದೆ, ಏಪ್ರಿಲ್ ಮೂರಕ್ಕೆ ಮತ್ತೆ ಬರುತ್ತದೆ. ನಡುವಿನ ಎರಡು ದಿನ ಮನೆಯ ಕಪಾಟುಗಳನ್ನು ಒಪ್ಪ ಮಾಡುತ್ತಾ ಎಲ್ಲರ ಪ್ರಾಣ ತಿನ್ನುತ್ತೇನೆ. ಖಾಯಂ ಆಗಬೇಕು ಎನ್ನುವುದೊಂದೇ ಆಸೆ. ಮೊದಲ ಹತ್ತು ವರ್ಷ ಕೆಳಗಿನ ಮಹಡಿಯ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿದ್ದೆ. ಆ ಲ್ಯಾಬು ಮುಚ್ಚಿದಾಗ ಮೂರನೆಯ ಮಹಡಿಯ ಸಸ್ಯ ಲ್ಯಾಬಿನ ಮೇಡಂ ನನ್ನನ್ನು ಕರೆದುಕೊಂಡರು. ನಾನು ಸೇರಿದ ವಾರವೇ ಅವರಿಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳು ರಜೆ ಹಾಕಿದರು. ಹೋಗುವ ಮುಂಚೆ ಅವರು ಹೇಳಿದ್ದು ಇಷ್ಟೇ.

"ಬಳ್ಳಿ ಫೈಲು ಸ್ವಲ್ಪ ಕೊಳಕಾಗಿದೆ. ಚೊಕ್ಕ ಮಾಡಿಡು."

ನನ್ನಂಥವಳಿಗೆ ಚೊಕ್ಕ ಮಾಡು ಎಂದು ಹೇಳುವ ಮುಂಚೆ ಯಾರಾದರೂ ಎರಡು ಸಲ ಯೋಚಿಸಬೇಕು.

ಬಳ್ಳಿ ಎಂದರೆ ನಮ್ಮ ಕಟ್ಟಡದ ಹಿಂದಿನ ನೀರಿನ ಪೈಪಿಗೆ ಸುತ್ತಿಕೊಂಡು ಬೆಳೆಯುವ ಒಂದು ಗಿಡ. ಮಾಲಿ ಅದನ್ನು ಕಳೆ ಎನ್ನುತ್ತಾನೆ. ಮೇಡಂ ಒಂಬತ್ತು ವರ್ಷದಿಂದ ಅದರ ಹಿಂದೆ ಬಿದ್ದಿದ್ದಾರೆ. ಗಿಡದ ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗಗಳಿರುತ್ತವೆ. ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವುದು ಅಲ್ಲಿ. ಅವಕ್ಕೆ ಅವುಗಳದೇ ಸ್ವಂತ ಡಿಎನ್‌ಎ ಇರುತ್ತದೆ. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಪುಸ್ತಕ ಅಂದುಕೊಳ್ಳಿ. ಆ ಪುಸ್ತಕವನ್ನು ಯಂತ್ರ ಓದಿ ಕೊಟ್ಟಿತ್ತು. ಅದನ್ನು ಜಗತ್ತಿನ ಎಲ್ಲ ಜೀವಿಗಳ ಪುಸ್ತಕಗಳನ್ನು ಕೂಡಿಡುವ ಸಾರ್ವಜನಿಕ ಭಂಡಾರಕ್ಕೆ ಕಳಿಸಬೇಕಿತ್ತು. ಕಳಿಸುವ ಮೊದಲು ಭಂಡಾರದ ತಪಾಸಣೆ ಪ್ರೋಗ್ರಾಮು ಫೈಲನ್ನು ನೋಡುತ್ತದೆ. ಅದು ನನಗಿಂತ ಕೆಟ್ಟ ಸ್ವಭಾವದ್ದು.

ಫೈಲು ಕೊಟ್ಟ ತಕ್ಷಣ ಅದು ತಕರಾರು ತೆಗೆಯಿತು. ಈ ಜೀನಿಗೆ ಆರಂಭವಿಲ್ಲ. ಆ ಜೀನಿಗೂ ಆರಂಭವಿಲ್ಲ.

ಒಂದು ಜೀನು ಎಂದರೆ ಒಂದು ಪ್ರೋಟೀನು ಮಾಡುವ ವಿಧಾನ. ಅದು ಎ-ಟಿ-ಜಿ ಎಂಬ ಮೂರು ಅಕ್ಷರದಿಂದ ಶುರುವಾಗಬೇಕು. ಇಲ್ಲಿಂದ ಓದು ಎಂದು ತೋರಿಸುವ ಗುರುತು ಅದು. ನಮ್ಮ ಬಳ್ಳಿಯ ಮೂರು ಜೀನುಗಳು ಎ-ಸಿ-ಜಿ ಎಂದು ಶುರುವಾಗಿದ್ದವು, ಟಿ ಇರಬೇಕಾದ ಕಡೆ ಸಿ. ನಾಲ್ಕನೆಯದೊಂದು ಜಿ-ಟಿ-ಜಿ ಎಂದಿತ್ತು. ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಜೀನುಗಳು ಹಾಗೇ ಶುರುವಾಗುತ್ತವೆ. ಮೈಟೊಕಾಂಡ್ರಿಯವೂ ಒಂದು ಕಾಲಕ್ಕೆ ಬ್ಯಾಕ್ಟೀರಿಯಾವೇ ಆಗಿತ್ತು, ಇನ್ನೊಂದು ಕೋಶದ ಮನೆ ಸೇರಿ ಅಲ್ಲೇ ಸಂಸಾರ ಹೂಡಿದ್ದು. ತವರಿನ ಅಭ್ಯಾಸ ಒಂದೆರಡು ಉಳಿದಿರುತ್ತದೆ, ಪಾಪ, ಎಂದು ಅದನ್ನು ಮುಟ್ಟಲಿಲ್ಲ.

ಉಳಿದವನ್ನು ಬಿಡಲಿಲ್ಲ. ಡಿಎನ್‌ಎ ಪುಸ್ತಕವಾದರೆ ಆರ್‌ಎನ್‌ಎ ಅದರಿಂದ ಎತ್ತಿದ ನಕಲು. ಕೋಶ ಪ್ರೋಟೀನು ಮಾಡುವುದು ನಕಲು ಓದಿಕೊಂಡು. ನಕಲಿನಲ್ಲಿ ಟಿ ಬದಲು ಯು ಇರುತ್ತದೆ, ಆದರೆ ಕಂಪ್ಯೂಟರಿನ ಫೈಲಿನಲ್ಲಿ ಎರಡನ್ನೂ ಟಿ ಎಂದೇ ಬರೆಯುವುದು ರೂಢಿ. ಅದೇ ಬಳ್ಳಿಯ ನಕಲುಗಳನ್ನೂ ಮೇಡಂ ಹೊಸ ಯಂತ್ರದಲ್ಲಿ ಓದಿಸಿಟ್ಟಿದ್ದರು. ಡಿಎನ್‌ಎ ಓದಿದ್ದು ಹಳೆಯ ಯಂತ್ರ. ಎರಡು ಫೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಕಲಿನಲ್ಲಿ ಎ-ಟಿ-ಜಿ ಎಂದು ಮುದ್ದಾಗಿ, ಸರಿಯಾಗಿ ಇತ್ತು.

ಬ್ಯಾಕ್ಟೀರಿಯಾದ ಸಹವಾಸದಲ್ಲಿ ಹತ್ತು ವರ್ಷ ನಾನು ಕಲಿತದ್ದು ಒಂದೇ ಪಾಠ. ಪುಸ್ತಕದಲ್ಲಿರುವುದೇ ನಕಲಿನಲ್ಲಿರುತ್ತದೆ. ಎರಡೂ ಬೇರೆಯಾದರೆ ಯಾವುದೋ ಯಂತ್ರ ತಪ್ಪು ಓದಿದೆ ಎಂದು ಅರ್ಥ. ಹಳೆಯ ಯಂತ್ರದ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಅದರ ಮುಚ್ಚಳ ಓರೆಯಾಗಿ ಕೂರುತ್ತಿತ್ತು.

ಕೆದಕುತ್ತಾ ಹೋದರೆ ಹೀಗೆ ಬೇರೆಯಾದ ಜಾಗಗಳು ಮೂರಲ್ಲ, ನಾನೂರ ಮೂವತ್ತೊಂದು. ಆರು ವಾರ ಕೂತು ಪ್ರತಿಯೊಂದನ್ನೂ ನಾಲ್ಕು ಸಲ ನೋಡಿ ಡಿಎನ್‌ಎ ಫೈಲನ್ನು ತಿದ್ದಿದೆ. ಸುಮ್ಮನೆ ತಿದ್ದುವವಳಲ್ಲ ನಾನು. ಉದ್ದ ಗೆರೆಯ ಒಂದು ರಿಜಿಸ್ಟರು ತಂದು ಕ್ರಮಸಂಖ್ಯೆ, ಜೀನು, ಜಾಗ, ಮೊದಲು ಇದ್ದ ಅಕ್ಷರ, ಈಗಿನ ಅಕ್ಷರ, ತಾರೀಖು, ಸಹಿ ಎಂದು ಕಾಲಂ ಎಳೆದು ಎಲ್ಲವನ್ನೂ ಬರೆದಿಟ್ಟೆ. ಮುಗಿದ ದಿನ ತಪಾಸಣೆ ಪ್ರೋಗ್ರಾಮಿಗೆ ಕೊಟ್ಟರೆ ಅದು ಜಿ-ಟಿ-ಜಿ ಬಗ್ಗೆ ಒಂದು ಸಲ ಗೊಣಗಿ ಬಾಯಿ ಮುಚ್ಚಿತು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನಗಳು ಕಡಿಮೆ.

ಮೇಡಂ ಊರುಗೋಲು ಹಿಡಿದು ವಾಪಸು ಬಂದ ಸೋಮವಾರ ಮೊದಲು ಮಾಡಿದ್ದು ಎರಡೂ ಫೈಲುಗಳನ್ನು ಹೋಲಿಸಿ ನೋಡುವ ಕೆಲಸ. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕೂಗಿದರು.

"ಬಾ ಇಲ್ಲಿ. ಒಂದೂ ವ್ಯತ್ಯಾಸ ಇಲ್ಲ ಕಣೆ. ಸೊನ್ನೆ."

ನಾನು ನಾಚಿಕೊಂಡು ತಲೆ ತಗ್ಗಿಸಿದೆ. ಆರು ವಾರದ ದುಡಿಮೆಯನ್ನು ಒಬ್ಬರಾದರೂ ಗುರುತಿಸಿದರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

"ಡಿಎನ್‌ಎ ಫೈಲು ಎರಡೆರಡು ಸಲ ನೋಡಿದ್ದೀಯ ತಾನೆ?"

"ನಾಲ್ಕು ಸಲ, ಮೇಡಂ."

"ಒಂಬತ್ತು ವರ್ಷದಿಂದ ಹೇಳ್ತಾ ಇದ್ದೆ, ಒಬ್ಬರೂ ನಂಬಲಿಲ್ಲ. ನಿನ್ನ ಕೈಗುಣ ನೋಡು," ಎಂದು ಅವರು ನನ್ನ ಕೈ ಹಿಡಿದುಕೊಂಡರು. ಮೇಡಂ ಕಣ್ಣಲ್ಲಿ ನೀರಿತ್ತು. ಫೈಲು ಚೊಕ್ಕವಾದದ್ದಕ್ಕೆ ಇಷ್ಟು ಅಳುವ ಮನುಷ್ಯರೂ ಇದ್ದಾರೆ, ನಾನು ಸರಿಯಾದ ಮನೆಗೇ ಬಂದೆ ಎಂದುಕೊಂಡೆ.

ಅದೇ ದಿನ ಅವರು ನಿರ್ದೇಶಕರಿಗೆ ನನ್ನನ್ನು ಖಾಯಂ ಮಾಡಬೇಕೆಂದು ಪತ್ರ ಬರೆದರು. ಶುಕ್ರವಾರ ಹತ್ತು ಗಂಟೆಗೆ ಸಂಸ್ಥೆಯ ವಾರ್ಷಿಕ ಸಭೆ. ಮೇಡಂ ಅಲ್ಲಿ ಮಾತಾಡುತ್ತಾರೆ, ಆಮೇಲೆ ಸಹಿ ಹಾಕುತ್ತೇನೆ ಎಂದು ನಿರ್ದೇಶಕರು ಹೇಳಿ ಕಳಿಸಿದರು. ಮೇಡಂ ಕೇಕು ತರಿಸಿದರು. ನಾನು ಎರಡು ತುಂಡು ತಿಂದೆ.

ಗುರುವಾರ ಬೆಳಿಗ್ಗೆ ಮೇಡಂ ಭಾಷಣದ ಸ್ಲೈಡುಗಳನ್ನು ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ.

"ಬರಕೋ. ಹೂ ಬಿಡೋ ಗಿಡಗಳ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಸಿ ಅಂತ ಬರೆದಿರುತ್ತೆ. ನಕಲು ಎತ್ತಿದ ಮೇಲೆ ಗಿಡವೇ ಆರ್‌ಎನ್‌ಎಯಲ್ಲಿ ಆ ಸಿಯನ್ನ ಯು ಅಂತ ತಿದ್ದಿಕೊಳ್ಳುತ್ತೆ. ಒಂದೊಂದು ಗಿಡದಲ್ಲಿ ನಾನೂರು, ಐನೂರು ಜಾಗ. ಎಷ್ಟೋ ಜೀನಿಗೆ ಶುರುವಾಗೋ ಗುರುತು ಹುಟ್ಟೋದೇ ಹೀಗೆ ತಿದ್ದಿದ ಮೇಲೆ. ಮುಂದಿನ ಸ್ಲೈಡು. ನಮ್ಮ ಬಳ್ಳಿ ಒಂದು ಕಡೆಯೂ ತಿದ್ದೋದಿಲ್ಲ. ಇಷ್ಟು ಬೇಗ ಬೆಳೆಯೋ ಗಿಡಕ್ಕೆ ಕೂತು ತಿದ್ದೋಕೆ ಪುರುಸೊತ್ತು ಎಲ್ಲಿದೆ ಅಂತ ಮೊದಲಿಂದ ನನಗೆ ಅನ್ನಿಸ್ತಿತ್ತು. ದೊಡ್ಡ ಸೊನ್ನೆ ಹಾಕು."

ದೊಡ್ಡ ಸೊನ್ನೆ ಹಾಕಿದೆ. ಹಾಕಿ ಅದನ್ನೇ ನೋಡುತ್ತಾ ಕೂತೆ. ನೀರು ಕುಡಿದು ಬರುತ್ತೇನೆ ಎಂದು ಎದ್ದು ಹೋಗಿ ನನ್ನ ಮೇಜಿನ ಡ್ರಾಯರಿನಿಂದ ರಿಜಿಸ್ಟರು ತೆಗೆದೆ. ಮೊದಲು ಇದ್ದ ಅಕ್ಷರದ ಕಾಲಮ್ಮಿನಲ್ಲಿ ಸಿ, ಸಿ, ಸಿ. ಈಗಿನ ಅಕ್ಷರದ ಕಾಲಮ್ಮಿನಲ್ಲಿ ಟಿ, ಟಿ, ಟಿ. ಹತ್ತೊಂಬತ್ತು ಪುಟವೂ ಹಾಗೇ. ನನ್ನದೇ ಕೈಬರಹ. ಯಂತ್ರ ತಪ್ಪು ಓದಿದ್ದರೆ ಒಮ್ಮೆ ಎ, ಒಮ್ಮೆ ಜಿ, ಒಮ್ಮೆ ಮತ್ತೇನೋ ಆಗಬೇಕಿತ್ತು. ತಪ್ಪು ಮಾಡುವವರಿಗೆ ಇಷ್ಟು ಶಿಸ್ತು ಇರುವುದಿಲ್ಲ. ಹಳೆಯ ಯಂತ್ರ ಸರಿಯಾಗೇ ಓದಿತ್ತು. ಬಳ್ಳಿ ತನ್ನ ಪಾಡಿಗೆ ತಾನು ನಾನೂರ ಮೂವತ್ತೊಂದು ಕಡೆ ತಿದ್ದಿಕೊಂಡಿತ್ತು. ಅದು ನಕಲಿನಲ್ಲಿ ತಿದ್ದಿದ್ದನ್ನೆಲ್ಲ ನಾನು ಹೋಗಿ ಮೂಲದಲ್ಲೇ ತಿದ್ದಿಟ್ಟು, ಬಳ್ಳಿಗೆ ಮಾಡಲು ಕೆಲಸವೇ ಇಲ್ಲದ ಹಾಗೆ ತೋರಿಸಿದ್ದೆ.

ಹೇಳಿಬಿಡಬೇಕು ಎಂದು ಹೋದೆ. ನಿಜವಾಗಿ ಮೂರು ಸಲ ಹೋದೆ. ಮೊದಲನೆಯ ಸಲ ಮೇಡಂ ಫೋನಿನಲ್ಲಿ ಯಾರಿಗೋ "ಎಲ್ಲಾ ಆ ಹುಡುಗಿ ಕೈಯಿಂದ ಆಗಿದ್ದು" ಎನ್ನುತ್ತಿದ್ದರು. ಅದು ಎಷ್ಟು ನಿಜ ಎಂದು ಅವರಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಖಾಯಮಾತಿ ಪತ್ರದ ಪ್ರತಿಯನ್ನು ಕೈಗಿಟ್ಟರು. ಮೂರನೆಯ ಸಲ ಹೋದಾಗ ಕೋಣೆಗೆ ಬೀಗ ಹಾಕಿತ್ತು. ನಾಳೆಯ ಸಭೆಗೆ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾರೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಎಂದು ಮಾಲಿ ಹೇಳಿದ. ನಾನು ಹೇಳದಿದ್ದರೆ ಕೆಲಸ ಖಾಯಂ, ಆದರೆ ಒಂದಲ್ಲ ಒಂದು ದಿನ ಬೇರೆ ಯಾರೋ ಅದೇ ಬಳ್ಳಿಯನ್ನು ಓದಿ ಮೇಡಂ ಮುಖಕ್ಕೆ ಮಸಿ ಬಳಿಯುತ್ತಾರೆ. ಹೇಳಿದರೆ ಮಸಿ ನನ್ನ ಮುಖಕ್ಕೆ. ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದರೆ ಒಂಬತ್ತೂಕಾಲಿಗೆ ಆಫೀಸು, ಸಭೆಗೆ ಮುಂಚೆ ಒಂದೇ ಉಸಿರಿಗೆ ಹೇಳಿ ಮುಗಿಸುವುದು ಎಂದು ನಿರ್ಧರಿಸಿದೆ. ಆಮೇಲೆ ಮೇಡಂ ಫೋನು ಮಾಡಿ ಇನ್ನೂ ಹೊಗಳಿಬಿಟ್ಟರೆ ಎಂಬ ಹೆದರಿಕೆಗೆ ಫೋನು ಆರಿಸಿ ಚೀಲದ ತಳಕ್ಕೆ ಹಾಕಿದೆ.

ಮನೆಗೆ ಬಂದರೆ ಗಂಡನ ಅಕ್ಕ ಬಂದಿದ್ದರು. ಮರುದಿನ ಬೆಳಿಗ್ಗೆ ಬೇಗ ವಾಪಸು ಹೊರಡುವವರು. ಒಳ್ಳೆಯ ಹೆಂಗಸು, ಕೈ ಖಾಲಿ ಇರಿಸಿಕೊಳ್ಳದವರು. ಬಂದ ಎರಡು ಗಂಟೆಯಲ್ಲಿ ನಮ್ಮ ಸೋರುವ ನಲ್ಲಿ ರಿಪೇರಿ ಮಾಡಿ, ಮಗಳ ಬ್ಯಾಗಿಗೆ ಜಿಪ್ಪು ಹೊಲಿದು ಮುಗಿಸಿದ್ದರು.

"ಮುಖ ಯಾಕೆ ಹೀಗಿದೆ?" ಎಂದು ಕೇಳಿದರು.

"ನಾಳೆ ಆಫೀಸಲ್ಲಿ ಒಂದು ವಿಷಯ ಹೇಳಬೇಕು, ಅತ್ತಿಗೆ. ನಂದೇ ತಪ್ಪು."

"ಹೇಳಿಬಿಡು. ತಪ್ಪು ಸರಿ ಮಾಡೋದಕ್ಕೆ ಯಾರಾದ್ರೂ ಬೇಡ ಅಂತಾರಾ?"

ಶುಕ್ರವಾರ ಎದ್ದಾಗ ಅವರು ಹೋಗಿಯಾಗಿತ್ತು. ಸ್ನಾನ ಮುಗಿಸಿ ಹಜಾರಕ್ಕೆ ಬಂದು ಗಡಿಯಾರ ನೋಡಿದೆ. ಎಂಟೂ ನಲವತ್ತು. ಅಂದರೆ ಎಂಟೂ ಇಪ್ಪತ್ತು. ಬಸ್ ಸ್ಟಾಪು ಐದು ನಿಮಿಷದ ದಾರಿ. ಇನ್ನೂ ಸಮಯವಿದೆ ಎಂದು ಕಾಫಿ ಕುಡಿದೆ, ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡೆ, ಹೊರಟೆ.

ಸ್ಟಾಪಿನಲ್ಲಿ ಒಂದು ನರಪಿಳ್ಳೆ ಇಲ್ಲ. ಪಕ್ಕದ ಅಂಗಡಿಯವನು ಪೇಪರು ಮಡಚುತ್ತಾ, "ಎಂಟೂವರೆ ಬಸ್ಸು ಹೋಗಿ ಆಗಲೇ ಕಾಲುಗಂಟೆ ಆಯ್ತಲ್ಲ ಅಕ್ಕ," ಎಂದ. ಅವನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದು ನನಗನ್ನಿಸಿತು. ಅಷ್ಟರಲ್ಲಿ ಮಗಳು ಓಡಿ ಬಂದಳು, ಅವಳ ಶಾಲೆಯ ವ್ಯಾನು ಹೋಗಿತ್ತು. ಅವಳ ಹಿಂದೆ ಗಂಡ, ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು. ಎಲ್ಲರಿಗಿಂತ ಹಿಂದೆ ಮಾವ, ಎಂಟೂವರೆಯ ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು.

"ರೇಡಿಯೋದಲ್ಲಿ ವಾರ್ತೆ ಮುಗಿದುಹೋಗಿದೆ ಕಣಮ್ಮ," ಎಂದರು ಮಾವ, ಯಾರೋ ತಮಗೆ ಅನ್ಯಾಯ ಮಾಡಿದಂತೆ. "ಈಗ ಈ ಮಾತ್ರೆ ನುಂಗೋದಾ, ಬೇಡವಾ?"

ಗಂಡ ತಮ್ಮ ಫೋನು ನೋಡಿದರು. ಎಂಟೂ ನಲವತ್ತೆಂಟು. ಅಲ್ಲೇ ನಿಂತು ಅಕ್ಕನಿಗೆ ಫೋನು ಹಚ್ಚಿದರು. ರೈಲಿನ ಸದ್ದಿನ ನಡುವೆ ಅತ್ತಿಗೆಯ ದನಿ ನಮಗೆಲ್ಲ ಕೇಳಿಸಿತು.

"ಹೌದು ಕಣೋ, ಹೊರಡೋವಾಗ ಸರಿ ಮಾಡಿ ಬಂದೆ. ಎಷ್ಟು ವರ್ಷದಿಂದ ತಪ್ಪು ತೋರಿಸ್ತಿತ್ತು. ಹೊಸ ಸೆಲ್ಲೂ ಹಾಕಿದೀನಿ. ಯಾಕೆ, ನಿಂತುಹೋಯ್ತಾ?"

ಅತ್ತೆ ಮುಳ್ಳು ತಳ್ಳಿದ್ದು ಅತ್ತಿಗೆ ಮದುವೆಯಾಗಿ ಹೋದ ಮೇಲೆ, ಅವರಿಗೆ ಆ ಕತೆ ಗೊತ್ತಿರಲಿಲ್ಲ. ಗಡಿಯಾರ ನಿಂತಿರಲಿಲ್ಲ. ನೆಟ್ಟಗೆ ಓಡುತ್ತಿತ್ತು. ಅದು ತಪ್ಪಾಗಿದ್ದಾಗ ನಾವು ನಾಲ್ವರೂ ಸರಿಯಾಗಿದ್ದೆವು, ಅದು ಸರಿಯಾದ ದಿನ ನಾಲ್ವರೂ ಬೀದಿಗೆ ಬಂದು ನಿಂತಿದ್ದೆವು. ಅತ್ತಿಗೆಯನ್ನು ಬಾಯಿತುಂಬ ಬೈಯಬೇಕೆಂದು ಫೋನಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅತ್ತಿಗೆ ಒಂದು ಕಡೆ ಮಾಡಿದ್ದನ್ನು ನಾನು ನಾನೂರ ಮೂವತ್ತೊಂದು ಕಡೆ ಮಾಡಿದ್ದೆ. ಸೆಲ್ಲು ಹಾಕಿರಲಿಲ್ಲ, ಅಷ್ಟೇ.

ಮುಂದಿನ ಬಸ್ಸು ಒಂಬತ್ತೂವರೆಗೆ. ಗಂಡನ ಫೋನಿನಿಂದ ಮೇಡಂಗೆ ಮಾಡಿದರೆ ಅವರ ಫೋನು ಆಫಾಗಿತ್ತು, ಭಾಷಣಕ್ಕೆ ಮುಂಚೆ ಅವರು ಯಾರ ಜೊತೆಯೂ ಮಾತಾಡುವವರಲ್ಲ. ನಾನು ಸಭಾಂಗಣದ ಬಾಗಿಲು ತಳ್ಳಿದಾಗ ಹತ್ತೂ ಇಪ್ಪತ್ತು. ಇನ್ನೂರು ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಅವರ ತೊಡೆಯ ಮೇಲೆ ಫೈಲುಗಳ ಕಟ್ಟು. ವೇದಿಕೆಯ ಮೇಲೆ ಮೇಡಂ, ಒಂದು ಕೈಯಲ್ಲಿ ಊರುಗೋಲು, ಚೆಂದಕ್ಕೆ ಕತ್ತರಿಸಿದ ಕೂದಲು. ಪರದೆಯ ಮೇಲೆ ತಿದ್ದುವ ಗಿಡಗಳ ಸ್ಲೈಡು. ಅದರ ಮುಂದಿನದೇ ನನ್ನ ಸೊನ್ನೆ.

ಮೇಡಂ ಬಟನ್ ಒತ್ತಲು ಬೆರಳೆತ್ತಿದರು.

"ಮೇಡಂ, ಸೊನ್ನೆ ತಪ್ಪು," ಎಂದೆ. ಹೇಳಿದ್ದು ನಾನೇ ಎಂದು ನನಗೂ ತಡವಾಗಿ ಗೊತ್ತಾಯಿತು. ಇನ್ನೂರು ತಲೆ ಹಿಂದಕ್ಕೆ ತಿರುಗಿದವು. ಕೆಂಪು ಪೆನ್ನು ಎಂದು ಯಾರೋ ಪಕ್ಕದವರಿಗೆ ಹೇಳಿದ್ದು ಕೇಳಿಸಿತು.

"ಏನಾಯ್ತು? ಸ್ಪೆಲ್ಲಿಂಗಾ?" ಎಂದರು ಮೇಡಂ ಸಮಾಧಾನವಾಗಿ.

"ಅಲ್ಲ, ಮೇಡಂ." ನಾನು ನಡುವಿನ ದಾರಿಯಲ್ಲಿ ನಡೆಯುತ್ತಾ ಹೋದೆ, ಇಲ್ಲದಿದ್ದರೆ ಓಡಿಹೋಗುತ್ತಿದ್ದೆ. "ನಮ್ಮ ಮನೇಲಿ ಒಂದು ಗಡಿಯಾರ ಇದೆ. ಇಪ್ಪತ್ತು ನಿಮಿಷ ಮುಂದಿದೆ. ಮನೇಲಿ ಎಲ್ಲರೂ ಇಪ್ಪತ್ತು ಕಳೆದು ಓದ್ಕೋತೀವಿ, ಯಾರಿಗೂ ತೊಂದರೆ ಇಲ್ಲ. ಇವತ್ತು ನಮ್ಮತ್ತಿಗೆ ಅದನ್ನ ಸರಿ ಮಾಡಿದ್ರು. ಎಲ್ಲರಿಗೂ ಬಸ್ಸು ತಪ್ಪಿತು. ನಾನೂ ಹಾಗೇ ಮಾಡಿದೀನಿ, ಮೇಡಂ. ನಿಮ್ಮ ಬಳ್ಳಿ ಡಿಎನ್‌ಎಯಲ್ಲಿ ಸಿ ಅಂತ ಬರೆದು, ನಕಲಲ್ಲಿ ತಾನೇ ತಿದ್ಕೊಂಡು ಸರಿಯಾಗಿ ಓದ್ತಿತ್ತು. ಅದು ಯಂತ್ರದ ತಪ್ಪು ಅಂದ್ಕೊಂಡು ನಾನು ಡಿಎನ್‌ಎ ಫೈಲಲ್ಲೇ ಟಿ ಮಾಡಿಬಿಟ್ಟೆ. ವ್ಯತ್ಯಾಸ ಇಲ್ಲದೆ ಇರೋದು ಬಳ್ಳಿಯಿಂದ ಅಲ್ಲ, ನನ್ನಿಂದ."

ಎಲ್ಲೋ ಹಿಂದೆ ಒಬ್ಬರು ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಅವರ ಮುಖದಲ್ಲಿ ಒಂಬತ್ತು ವರ್ಷ ಒಟ್ಟಿಗೆ ಇಳಿದುಹೋದದ್ದನ್ನು ನಾನು ಹತ್ತಿರದಿಂದ ನೋಡಿದೆ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ನಿರ್ದೇಶಕರು ತೊಡೆಯ ಮೇಲಿನ ಕಟ್ಟಿನಿಂದ ಒಂದು ಫೈಲನ್ನು ತೆಗೆದು ತಳಕ್ಕೆ ಸೇರಿಸಿದರು. ಅದು ಯಾರದು ಎಂದು ಕೇಳಬೇಕಿರಲಿಲ್ಲ.

"ಎಷ್ಟು ಜಾಗ?" ಎಂದರು ಮೇಡಂ.

"ನಾನೂರ ಮೂವತ್ತೊಂದು."

"ಯಾವ್ಯಾವುದು ಅಂತ ಏನಾದ್ರೂ ನೆನಪಿದೆಯಾ?"

ಇದೆಂಥ ಪ್ರಶ್ನೆ ಎಂದು ನನಗೆ ಆ ಸ್ಥಿತಿಯಲ್ಲೂ ರೇಗಿತು. ಚೀಲದಿಂದ ರಿಜಿಸ್ಟರು ತೆಗೆದು ಕೊಟ್ಟೆ. "ಕ್ರಮಸಂಖ್ಯೆ, ಜೀನು, ಜಾಗ, ಮೊದಲು, ಈಗ, ತಾರೀಖು, ಸಹಿ. ನಾಲ್ಕು ಸಲ ನೋಡಿದೀನಿ."

ಮೇಡಂ ಕುರ್ಚಿಯಲ್ಲಿ ಕೂತು ಮೊದಲ ಪುಟ ತೆರೆದರು. ಎರಡನೆಯದು ತಿರುವಿದರು. ಸಭೆ ಕಾಯುತ್ತಿದೆ ಎಂಬುದೇ ಅವರಿಗೆ ಮರೆತುಹೋಯಿತು. ಐದನೆಯ ಪುಟಕ್ಕೆ ಕನ್ನಡಕ ಹಣೆಗೇರಿಸಿ ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರು.

"ಶುರುವಾಗೋ ಜಾಗ ಮೂರೂ ಇದೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಈ ಜಿ-ಟಿ-ಜಿಯನ್ನ ಯಾಕೆ ಬಿಟ್ಟೆ?"

"ನಕಲಲ್ಲೂ ಹಾಗೇ ಇತ್ತು, ಮೇಡಂ. ಬ್ಯಾಕ್ಟೀರಿಯಾದಲ್ಲಿ ಅದು ಮಾಮೂಲು. ನಮ್ಮ ಕಡೆಯವರ ಪೈಕಿ."

ಮೇಡಂ ಆಗ ನಕ್ಕರು. ಜೋರಾಗಿ, ಊರುಗೋಲು ಕೆಳಗೆ ಬೀಳುವ ಹಾಗೆ. ನಗುತ್ತಲೇ ಕಣ್ಣು ಒರೆಸಿಕೊಂಡರು, ಎರಡೂ ಕೆಲಸ ಒಟ್ಟಿಗೆ ನಡೆದಿತ್ತು. ಎದ್ದು ಮೈಕಿನ ಹತ್ತಿರ ಬಂದರು.

"ಒಂಬತ್ತು ವರ್ಷದಿಂದ ಈ ಬಳ್ಳಿ ತಿದ್ದೋದಿಲ್ಲ ಅಂತ ನಾನು ಹೇಳ್ತಾ ಬಂದೆ. ನಂದು ತಪ್ಪು. ಅದು ತಿದ್ದುತ್ತೆ, ನಾನೂರ ಮೂವತ್ತೊಂದು ಕಡೆ. ಯಾವ ಯಾವ ಕಡೆ ಅಂತ ಈ ಬಳ್ಳಿಯಲ್ಲಿ ಇವತ್ತಿನವರೆಗೆ ಯಾರೂ ಪಟ್ಟಿ ಮಾಡಿರಲಿಲ್ಲ. ಈಗ ಪಟ್ಟಿ ಇದೆ, ತಾರೀಖು ಸಹಿ ಸಮೇತ. ಗಡಿಯಾರದ ವಿಷಯ ಯಾರಿಗೆ ಅರ್ಥ ಆಯ್ತೋ ಅವರಿಗೆ ನನ್ನ ಭಾಷಣ ಮುಗೀತು. ಅರ್ಥ ಆಗದವರು ಊಟದ ಹೊತ್ತಲ್ಲಿ ಇವಳನ್ನ ಕೇಳಿ."

ಊಟದ ಹೊತ್ತಲ್ಲಿ ನಾನು ನಿರ್ದೇಶಕರ ಕೋಣೆಯಲ್ಲಿದ್ದೆ. ಅವರು ಕೆಟ್ಟವರಲ್ಲ, ನಿಯಮದವರು. "ಕೇಳದೆ ಮೂಲ ಫೈಲು ತಿದ್ದಿದವರನ್ನ ಇದೇ ತಿಂಗಳು ಖಾಯಂ ಮಾಡೋದು ಹೇಗಮ್ಮ? ಈ ವರ್ಷ ಆಗೋದಿಲ್ಲ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದೆ ಎಂದು ಗೊತ್ತಿದ್ದೂ ನಾನು ಅತ್ತುಬಿಟ್ಟೆ, ಹನ್ನೊಂದು ವರ್ಷದ ಅಳು.

"ಮಾರ್ಚಿಗೆ ನಾನು ರಿಟೈರ್ ಆಗೋದಿತ್ತಲ್ಲ," ಎಂದರು ಮೇಡಂ, ನನ್ನ ಪಕ್ಕದ ಕುರ್ಚಿಯಲ್ಲಿ ಕಾಲು ನೀಡಿಕೊಂಡು. "ಒಂದು ವರ್ಷ ಮುಂದುವರೀತೀರಾ ಅಂತ ನೀವು ಕೇಳಿದ್ರಿ, ನಾನು ಬೇಡ ಅಂದಿದ್ದೆ. ಈಗ ಹೂಂ ಅಂತೀನಿ. ನಾನೂರ ಮೂವತ್ತೊಂದು ಜಾಗ ಮತ್ತೆ ಪರೀಕ್ಷೆ ಮಾಡಬೇಕು. ಇವಳು ನನಗೆ ಬೇಕು. ಮುಂದಿನ ವರ್ಷ ಇದೇ ಪತ್ರ ಮತ್ತೆ ತರ್ತೀನಿ, ಜೊತೆಗೆ ಈ ರಿಜಿಸ್ಟರು ಇಡ್ತೀನಿ. ಮಂಡಿ ಸರಿಯಾದ್ರೆ ನಾನೇ ಮೆಟ್ಟಿಲು ಹತ್ತಿ ತರ್ತೀನಿ."

ಕೋಣೆಯಿಂದ ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಬೇರೆ. "ಇನ್ನೊಂದು ಸಲ ಕೇಳದೆ ತಿದ್ದಿದ್ರೆ ಈ ಕೋಲು ಯಾಕಿದೆ ಅಂತ ತೋರಿಸ್ತೀನಿ."

ಆಮೇಲಿನ ಹನ್ನೆರಡು ದಿನ ನನ್ನ ಜೀವನದಲ್ಲೇ ಕಷ್ಟದವು. ಸರಿಯಾಗಿ ಕಾಣುವ ಒಂದೊಂದು ಟಿಯನ್ನೂ ಅಳಿಸಿ, ತಪ್ಪಾಗಿ ಕಾಣುವ ಸಿಯನ್ನು ನನ್ನ ಕೈಯಾರೆ ವಾಪಸು ಕೂರಿಸಿದೆ. ಬೆರಳು ಮುಷ್ಕರ ಹೂಡುತ್ತಿತ್ತು. ಕೊನೆಗೆ ತಪಾಸಣೆ ಪ್ರೋಗ್ರಾಮಿಗೆ ಕೊಟ್ಟರೆ ಅದು ಹಳೆಯ ರಾಗ ತೆಗೆಯಿತು, ಈ ಜೀನಿಗೆ ಆರಂಭವಿಲ್ಲ, ಆ ಜೀನಿಗೂ ಇಲ್ಲ. ಫಾರಮ್ಮಿನಲ್ಲಿ ಅದಕ್ಕೊಂದು ಜಾಗವೇ ಇದೆ ಎಂದು ಮೇಡಂ ತೋರಿಸಿದರು. ಇದು ತಪ್ಪಲ್ಲ, ಗಿಡ ಇದನ್ನು ಆರ್‌ಎನ್‌ಎಯಲ್ಲಿ ತಿದ್ದಿಕೊಳ್ಳುತ್ತದೆ ಎಂದು ಅಲ್ಲಿ ಗುರುತು ಹಾಕಿದೆ. ಪ್ರೋಗ್ರಾಮು ಸುಮ್ಮನಾಯಿತು. ಆ ಜಾಗ ಮೊದಲಿನಿಂದಲೂ ಅಲ್ಲೇ ಇತ್ತು.

ಆ ಸಂಜೆ ಮನೆಗೆ ಬಂದಾಗ ಮಾವ ಹಜಾರದಲ್ಲಿ ಗಡಿಯಾರದ ಎದುರು ಕೂತಿದ್ದರು. ಎರಡು ವಾರದಿಂದ ಅವರದು ಇದೇ ಪಾಡು. ಮಾತ್ರೆ ಒಂದು ದಿನ ಬೇಗ, ಒಂದು ದಿನ ತಡ. ಇಪ್ಪತ್ತು ಕಳೆಯುವುದನ್ನು ಬಿಡಲು ಅವರಿಗೆ ಆಗುತ್ತಿರಲಿಲ್ಲ.

"ಸರಿಯಾದ ಟೈಮೇ ತೋರಿಸುತ್ತೆ, ಗೊತ್ತು," ಎಂದರು. "ಆದ್ರೆ ಅದು ನಿಮ್ಮತ್ತೆ ಇಟ್ಟ ಟೈಮಲ್ಲ ಕಣಮ್ಮ. ದಿನಾ ಕಳೀತಿದ್ದಾಗ ಅವಳು ಬೈತಿದ್ದ ಹಾಗೇ ಇರ್ತಿತ್ತು."

ನಾನು ಚೀಲ ಇಳಿಸಿ ಸ್ಟೂಲು ಎಳೆದುಕೊಂಡೆ. ಹದಿನೈದು ವರ್ಷದ ಹಿಂದೆ ಎಳೆದುಕೊಂಡದ್ದೂ ಅದೇ ಸ್ಟೂಲು. ಈ ಸಲ ಅಡುಗೆಮನೆಯಿಂದ ಯಾರೂ ಬೇಡ ಎನ್ನಲಿಲ್ಲ. ಅನ್ನಲಿ ಎಂದು ಒಂದು ಗಳಿಗೆ ಕಾದೆ. ಆಮೇಲೆ ಗಾಜು ತೆಗೆದು ಮುಳ್ಳನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಳ್ಳಿದೆ.

ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು. ಮಾವ ತಲೆಯೆತ್ತಿ ನೋಡಿದರು.

"ಓ, ಏಳಾಯ್ತು," ಎಂದು ಎದ್ದು ಸಂಜೆಯ ಮಾತ್ರೆಯ ಡಬ್ಬಿ ಹುಡುಕಲು ಹೋದರು.

ಸ್ಟೂಲಿನಿಂದ ಇಳಿದು ಚೀಲದಿಂದ ರಿಜಿಸ್ಟರು ತೆಗೆದೆ. ಕೊನೆಯ ಸಾಲಿನ ಕೆಳಗೆ ಇನ್ನೊಂದು ಬರೆದೆ. ಕ್ರಮಸಂಖ್ಯೆ ನಾನೂರ ಮೂವತ್ತೆರಡು. ಜಾಗ, ಹಜಾರದ ಗೋಡೆ. ಮೊದಲು, ಸರಿ. ಈಗ, ಇಪ್ಪತ್ತು ನಿಮಿಷ ಮುಂದೆ. ತಾರೀಖು ಹಾಕಿ ಸಹಿ ಮಾಡಿದೆ.